ವಖಾರದ ಗೋಡೆ

ನಮ್ಮ ಹೈಸ್ಕೂಲು ಶುರುವಾದದ್ದು ಹತ್ತಿಯ ವಖಾರದಲ್ಲಿ. ಹಿರೇಕೆರೂರು ತಾಲೂಕಿನ ನಮ್ಮ ಊರಿನ ಅಂಚಿಗೆ ಯಾರೋ ವ್ಯಾಪಾರಿ ಹತ್ತಿ ಅಂಡಿಗೆಗಳನ್ನು ಒಟ್ಟಲು ಕಟ್ಟಿಸಿದ್ದ ಉದ್ದನೆಯ ಕಟ್ಟಡ ಅದು. ವ್ಯಾಪಾರ ನಿಂತ ಮೇಲೆ ಬಹಳ ವರ್ಷ ಖಾಲಿ ಬಿದ್ದಿತ್ತು. ಗೋಡೆಗಳು ಕಲ್ಲು ಮಣ್ಣಿನವು, ಎರಡು ಮೊಳ ದಪ್ಪ, ಹೊರಗೆ ಸುಣ್ಣದ ಗಿಲಾವು. ಮೇಲೆ ಹಂಚು. ಜಂತಿಗಳ ಸಂದಿಯಲ್ಲಿ ಹಳೆಯ ಹತ್ತಿಯ ಎಳೆಗಳು ಸಿಕ್ಕಿಕೊಂಡಿದ್ದವು. ಗಾಳಿ ಬೀಸಿದರೆ ನಮ್ಮ ಪುಸ್ತಕಗಳ ಮೇಲೆ, ಜಡೆಗಳ ಮೇಲೆ ಉದುರುತ್ತಿದ್ದವು. ಸಂಜೆ ಮನೆಗೆ ಹೋದಾಗ ಅವ್ವ ನನ್ನ ತಲೆಯಿಂದ ಅವನ್ನು ಆರಿಸಿ ತೆಗೆಯುತ್ತಿದ್ದಳು.

ಕ್ರೈಸ್ತ ಸನ್ಯಾಸಿನಿಯರಾದ ಸಿಸ್ಟರ್‌ಗಳು ನಮ್ಮೂರಿಗೆ ಬಂದಾಗ ಶಾಲೆ ತೆರೆಯಲಿಲ್ಲ. ಮೂವರು ಬಂದು ದವಾಖಾನೆ ಇಟ್ಟರು. ಊರಲ್ಲಿ ಒಂದೂ ಕ್ರೈಸ್ತರ ಮನೆ ಇರಲಿಲ್ಲ. "ಜಾತಿ ಕೆಡಸಾಕ ಬಂದಾರ" ಎಂದು ಹಿರಿಯರು ಚಾವಡಿಯಲ್ಲಿ ಕುಳಿತು ಮಾತಾಡಿದರಂತೆ. ಚೇಳು ಕಡಿದ ಮೊಮ್ಮಕ್ಕಳನ್ನು ಎತ್ತಿಕೊಂಡು ಅದೇ ಹಿರಿಯರು ಅದೇ ಬಾಗಿಲಿಗೆ ಓಡಿದ್ದನ್ನು ನಮ್ಮಜ್ಜಿ ನಗುತ್ತ ಹೇಳುತ್ತಿದ್ದಳು. ಆಮೇಲೆ ಸಣ್ಣ ಮಕ್ಕಳಿಗೆ ಅಕ್ಷರ ಕಲಿಸಲು ಶುರು ಮಾಡಿದರು. ಒಂದೊಂದೇ ತರಗತಿ ಏರಿ ಏಳನೆಯವರೆಗೆ ಬಂತು. ಏಳರ ಮುಂದೆ ಓದಬೇಕೆಂದರೆ ಹಿರೇಕೆರೂರಿಗೆ ಹೋಗಬೇಕು. ಗಂಡುಹುಡುಗರು ಬಸ್ಸಿನ ಬಾಗಿಲಿಗೆ ಜೋತುಬಿದ್ದು ಹೋಗುತ್ತಿದ್ದರು. ಹುಡುಗಿಯರು ಮನೆಯಲ್ಲಿ ಉಳಿಯುತ್ತಿದ್ದರು. ನನ್ನ ಅಕ್ಕನ ಓದು ಹಾಗೆಯೇ ಏಳಕ್ಕೆ ನಿಂತಿತು, ಹದಿನೇಳಕ್ಕೆ ಅವಳ ಮದುವೆಯಾಯಿತು.

ನಾನು ಏಳು ಮುಗಿಸಿದ ವರ್ಷ ದೊಡ್ಡ ಸಿಸ್ಟರ್ ವಖಾರವನ್ನು ಕೇಳಿ ಪಡೆದು, ಬಿದಿರಿನ ತಟ್ಟಿಗಳಿಂದ ಕೋಣೆಗಳಾಗಿ ಒಡೆದು, ಎಂಟನೆಯ ತರಗತಿ ತೆರೆದರು. ಅವರು ಮುಖ್ಯೋಪಾಧ್ಯಾಯಿನಿ. ಉಳಿದ ಇಬ್ಬರಿಗಿಂತ ಹಿರಿಯರಾದ್ದರಿಂದ ಊರೆಲ್ಲ ಅವರನ್ನು ದೊಡ್ಡ ಸಿಸ್ಟರ್ ಎಂದೇ ಕರೆಯುತ್ತಿತ್ತು. ಮಂಗಳೂರಿನ ಕಡೆಯವರು. ಅವರ ಕನ್ನಡ ಕೇಳಿ ನಾವು ಬಾಯಿಗೆ ಸೆರಗಿನ ಚುಂಗು ಒತ್ತಿ ನಗುತ್ತಿದ್ದೆವು. "ಎಂತ ನಗುವುದು ನೀವು? ಲೆಕ್ಕ ಮಾಡಿ ಆಯ್ತಾ?" ಎಂದು ಗದರಿಸುತ್ತಿದ್ದರು. ಮನೆಮನೆಗೆ ನಡೆದು ಹೋಗಿ ಹುಡುಗಿಯರನ್ನು ಕಳಿಸಿ ಎಂದು ಕೇಳಿದ್ದು ಅವರೇ. ನಮ್ಮ ಅಪ್ಪ ಒಪ್ಪಿದ್ದಕ್ಕೆ ಕಾರಣ ಸರಳ: ಶಾಲೆ ಊರಲ್ಲೇ ಇತ್ತು, ಕಲಿಸುವವರು ಹೆಂಗಸರು.

ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಹಮಾಲನ ಮಗಳು. ಅವಳ ಅಪ್ಪ ಗೋವಿನಜೋಳದ ವ್ಯಾಪಾರಿಗಳಲ್ಲಿ ಚೀಲ ಹೊರುತ್ತಿದ್ದ. ಅವ್ವ ಹೊಲಗೆಲಸಕ್ಕೆ ಹೋಗುತ್ತಿದ್ದಳು. ಮೂರು ಗಂಡುಮಕ್ಕಳು ಹುಟ್ಟಿ ಸತ್ತ ಮೇಲೆ ಬದುಕಿದ ಒಬ್ಬಳೇ ಮಗಳು. ಓದಿನಲ್ಲಿ ನನಗಿಂತ ಮುಂದಿದ್ದಳು. ಆದರೂ ದೊಡ್ಡ ಸಿಸ್ಟರ್ ನನ್ನನ್ನು ಕ್ಲಾಸ್ ಲೀಡರ್ ಮಾಡಿದ್ದರು, ನನ್ನ ದನಿ ದೊಡ್ಡದಿತ್ತು ಎಂಬ ಒಂದೇ ಕಾರಣಕ್ಕೆ. ಅವಳಿಗೆ ಅದರ ಬಗ್ಗೆ ಹೊಟ್ಟೆಕಿಚ್ಚು ಇರಲಿಲ್ಲ. ನನಗೆ ಅವಳ ಅಂಕಗಳ ಬಗ್ಗೆ ಇತ್ತು.

ನಾವು ಹತ್ತನೆಯ ತರಗತಿಗೆ ಬಂದಾಗ ಶಾಲೆಗೆ ಇಲಾಖೆಯ ಮಾನ್ಯತೆ ಬೇಕಾಯಿತು. ಅದು ಸಿಗದಿದ್ದರೆ ನಮ್ಮ ಶಾಲೆಯ ಹೆಸರಿನಲ್ಲಿ ನಾವು ಪರೀಕ್ಷೆಗೆ ಕೂರುವಂತಿರಲಿಲ್ಲ. ಹೊಸ ಕಟ್ಟಡಕ್ಕೆ ಹಿಂದಿನ ಬಯಲಿನಲ್ಲಿ ಪಾಯ ತೆಗೆದಿದ್ದರು. ಕಂಬಗಳು ಆಳೆತ್ತರ ಎದ್ದು, ಮಳೆಗೆ ಕೆಲಸ ನಿಂತಿತ್ತು. ಆ ವರ್ಷ ಹಿಡಿದ ಮಳೆ ಬಿಡಲೇ ಇಲ್ಲ. ಪಾಯದ ಗುಂಡಿಗಳಲ್ಲಿ ನೀರು ನಿಂತು ಕಪ್ಪೆಗಳು ಕೂಗುತ್ತಿದ್ದವು. ವಖಾರದ ಹಿಂದಿನ ಗೋಡೆ ತಳದಿಂದ ತೇವ ಏರಿಸಿಕೊಂಡು ಎದೆಮಟ್ಟದವರೆಗೆ ಕಪ್ಪಾಯಿತು. ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಕೆಳಗಿಳಿಯಿತು.

ಅಧಿಕಾರಿಗಳು ಬರುವ ದಿನ ಗೊತ್ತಾದಾಗ ದೊಡ್ಡ ಸಿಸ್ಟರ್ ನಮ್ಮಿಬ್ಬರನ್ನು ಕರೆದರು. ನನ್ನ ಗೆಳತಿ ಬರೆದ ಕರ್ನಾಟಕದ ದೊಡ್ಡ ನಕ್ಷೆಯೊಂದು ಕಚೇರಿಯಲ್ಲಿ ಸುರುಳಿ ಸುತ್ತಿ ಇಟ್ಟಿತ್ತು.

"ಇಷ್ಟು ಚಂದದ ನಕ್ಷೆ ಉಂಟು, ಅದನ್ನು ಆ ಗೋಡೆಗೆ ಅಂಟಿಸಿ. ಸಾಹೇಬರ ಕಣ್ಣಿಗೆ ಬಿರುಕು ಬೀಳುವುದು ಬೇಡ. ಮಳೆ ನಿಂತರೆ ಹೇಗೂ ಹೊಸ ಕಟ್ಟಡಕ್ಕೆ ಹೋಗ್ತೇವಲ್ಲ."

ಮರುದಿನ ಬೆಳಿಗ್ಗೆ ಗೆಳತಿ ಮನೆಯಿಂದ ಡಬ್ಬಿಯಲ್ಲಿ ಹಿಟ್ಟಿನ ಅಂಟು ತಂದಳು. ಇನ್ನೂ ಬಿಸಿ ಇತ್ತು. ಹಚ್ಚುವ ಮೊದಲು ಅವಳು ಬಿರುಕಿನಲ್ಲಿ ಕೈ ತೂರಿಸಿದಳು.

"ನೋಡಲೇ, ನಾಕೂ ಬಟ್ಟು ಒಳಗ ಹೋದ್ವು. ಒಳಗ ತಣ್ಣಗ ಐತಿ."

"ಕೈ ತಗಿ, ಚೇಳು ಇರ್ತಾವು," ಎಂದೆ ನಾನು. ಇಬ್ಬರೂ ನಕ್ಕೆವು. ನಾನು ಬೆಂಚಿನ ಮೇಲೆ ಹತ್ತಿ ಮೇಲಿನ ಅಂಚು ಹಿಡಿದೆ, ಅವಳು ಕೆಳಗಿನಿಂದ ಅಂಗೈಯಲ್ಲಿ ಒತ್ತುತ್ತ ಬಂದಳು. ಕಾಗದ ಸುಕ್ಕಾಗದೆ ಕುಳಿತಿತು. ಬೀದರಿನಿಂದ ಚಾಮರಾಜನಗರದವರೆಗೆ ಗೋಡೆ ನೆಟ್ಟಗೆ ಕಾಣುತ್ತಿತ್ತು.

ಅಧಿಕಾರಿಗಳು ಬಂದರು. ಕೆಲವು ಪ್ರಶ್ನೆ ಕೇಳಿದರು, ಚಹಾ ಕುಡಿದರು, ನಕ್ಷೆಯ ಮುಂದೆ ನಿಂತು ಯಾರು ಬರೆದದ್ದು ಎಂದು ವಿಚಾರಿಸಿದರು. ಗೆಳತಿ ಎದ್ದು ನಿಂತಳು. "ಶಾಬ್ಬಾಸ್" ಎಂದರು. ಅವಳ ಮುಖ ಕಿವಿಯ ತುದಿಯವರೆಗೆ ಕೆಂಪಾಯಿತು. ನನ್ನ ಹೆಸರನ್ನೂ ಅವಳು ಹೇಳಬಹುದಿತ್ತಲ್ಲ ಎಂದು ನನಗೆ ಅನಿಸಿದ್ದು ಈಗಲೂ ನೆನಪಿದೆ.

ಅದಾಗಿ ಎರಡು ವಾರ ಕಳೆದಿರಲಿಲ್ಲ. ಮಧ್ಯಾಹ್ನದ ಬಿಡುವು. ಹೊರಗೆ ಜಿಟಿಜಿಟಿ ಮಳೆ, ಹಾಗಾಗಿ ಎಲ್ಲರೂ ಒಳಗೇ ಬುತ್ತಿ ಬಿಚ್ಚಿದ್ದರು. ಗೆಳತಿ ಊಟ ಮುಗಿಸಿ ಗೋಡೆಗೆ ಒರಗಿ ವಿಜ್ಞಾನದ ಪುಸ್ತಕ ತೆರೆದಿದ್ದಳು. ನಾನು ಡಬ್ಬಿ ತೊಳೆಯಲು ಹೊರಗೆ ಹೋದೆ. ಹಂಚಿನ ಅಂಚಿನಿಂದ ಸುರಿಯುವ ನೀರಿಗೆ ಡಬ್ಬಿ ಹಿಡಿದು ನಿಂತಿದ್ದೆ. ಆಗ ಕೇಳಿದ ಸದ್ದು ಬಹಳ ದೊಡ್ಡದೇನಲ್ಲ. ಲಾರಿಯಿಂದ ಜೋಳದ ಚೀಲಗಳನ್ನು ಒಂದರ ಮೇಲೊಂದು ಕೆಡವಿದ ಹಾಗಿತ್ತು. ಅದರ ಹಿಂದೆ ಹಂಚು ಜಾರುವ ಸದ್ದು. ಅಷ್ಟು ಮಳೆಯಲ್ಲೂ ಬಾಗಿಲಿನಿಂದ ಧೂಳು ಹೊರಗೆ ಬಂತು.

ಒಳಗೆ ಹೋದಾಗ ಹಿಂದಿನ ಗೋಡೆ ಇರಬೇಕಾದಲ್ಲಿ ಬಯಲು ಕಾಣುತ್ತಿತ್ತು. ದೊಡ್ಡ ಸಿಸ್ಟರ್ ಮೊಣಕಾಲೂರಿ ಎರಡೂ ಕೈಯಿಂದ ಮಣ್ಣು ಎಳೆಯುತ್ತಿದ್ದರು. ತಲೆಯ ಮುಸುಕು ಕಳಚಿ ಬಿದ್ದಿತ್ತು. ಅವರ ಕೂದಲನ್ನು ನಾವು ಅವತ್ತೇ ನೋಡಿದ್ದು. ಗಂಡಸರ ಹಾಗೆ ಕತ್ತರಿಸಿದ್ದ ಬಿಳಿ ಕೂದಲು. ಇಬ್ಬರು ಹುಡುಗಿಯರು ಕಾಲು ಸಿಕ್ಕಿಕೊಂಡು ಚೀರುತ್ತಿದ್ದರು. ಚೀರದವಳು ಒಬ್ಬಳೇ.

ಯಾರೋ ಪೇಟೆಗೆ ಓಡಿ ಹಮಾಲರನ್ನು ಕರೆತಂದರು. ಸಲಿಕೆ, ಪುಟ್ಟಿ ಹಿಡಿದು ಬಂದ ಆರೇಳು ಜನರಲ್ಲಿ ನನ್ನ ಗೆಳತಿಯ ಅಪ್ಪನೂ ಇದ್ದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಯಾರದೋ ಮಕ್ಕಳು ಸಿಕ್ಕಿಕೊಂಡಿದ್ದಾರೆಂದು ಬಂದಿದ್ದ. ಎಲ್ಲರಿಗಿಂತ ಬಿರುಸಾಗಿ ಅಗೆದವನು ಅವನೇ. "ಹಗೂರ, ಹಗೂರ, ಸಲಿಕಿ ತಾಗೀತು," ಎಂದು ಬೇರೆಯವರಿಗೆ ಎಚ್ಚರ ಹೇಳುತ್ತಿದ್ದ. ನಾನು ಬಾಗಿಲಲ್ಲಿ ನಿಂತಿದ್ದೆ. ಕಾಕಾ, ಅಲ್ಲಿರೋದು ನಿಮ್ಮ ಮಗಳು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಮೊದಲು ಒಂದು ಕೈ ಕಂಡಿತು. ಹಸಿರು ಗಾಜಿನ ಬಳೆ ಇತ್ತು. ಅವನು ಸಲಿಕೆಯನ್ನು ನಿಧಾನಕ್ಕೆ ಪಕ್ಕಕ್ಕಿಟ್ಟು ಅಲ್ಲಿಯೇ ಕುಳಿತುಬಿಟ್ಟ. ಉಳಿದವರು ಅವಳನ್ನು ಹೊರಗೆ ತೆಗೆದರು.

ಮೂರನೆಯ ದಿನ ವಿಚಾರಣೆಗೆ ಅಧಿಕಾರಿಗಳು ಬಂದರು. ದವಾಖಾನೆಯ ಪಡಸಾಲೆಯಲ್ಲಿ ಕುರ್ಚಿ ಹಾಕಿದ್ದರು. ಕ್ಲಾಸ್ ಲೀಡರ್ ಎಂದು ನನ್ನನ್ನು ಕರೆಸಿದರು. ದಾರಿಯಲ್ಲಿ ಅಪ್ಪ ನನ್ನ ಮೊಣಕೈ ಹಿಡಿದು ನಿಲ್ಲಿಸಿದ.

"ನನಗೇನೂ ಗೊತ್ತಿಲ್ರಿ ಅನ್ನು. ಸಾಲಿ ಮುಚ್ಚಿದ್ರ ನಿನ್ನ ಓದು ಇವತ್ತಿಗೆ ಮುಗೀತು ತಿಳ್ಕೊ. ಹಿರೇಕೆರೂರಿಗೆ ನಾ ಕಳಸೂದಿಲ್ಲ."

ಅಪ್ಪ ಕೆಟ್ಟವನಲ್ಲ. ಅವನು ಹೇಳಿದ್ದು ನಿಜವೂ ಆಗಿತ್ತು.

"ಗ್ವಾಡಿ ಬಿರುಕು ಬಿಟ್ಟಿತ್ತೇನವಾ? ಅಂಜಬ್ಯಾಡ, ಹೇಳು," ಎಂದರು ಅಧಿಕಾರಿ.

"ಇಲ್ರಿ ಸರ್. ಗ್ವಾಡಿ ಚಲೋ ಇತ್ತು."

ದೊಡ್ಡ ಸಿಸ್ಟರ್ ಮೂಲೆಯಲ್ಲಿ ನಿಂತಿದ್ದರು. ಎರಡೂ ಕೈಗೆ ಬಟ್ಟೆ ಸುತ್ತಿತ್ತು, ಉಗುರುಗಳು ಕಿತ್ತುಹೋಗಿದ್ದವಂತೆ. ಅವರು ಮುಂದೆ ಬಂದರು.

"ಈ ಹುಡುಗಿ ಸುಳ್ಳು ಹೇಳ್ತಾ ಇದ್ದಾಳೆ. ಬಿರುಕು ಇತ್ತು. ನಾನು ನೋಡಿದ್ದೆ. ಮೇಲೆ ನಕ್ಷೆ ಅಂಟಿಸಲಿಕ್ಕೆ ಹೇಳಿದ್ದು ನಾನು. ಮಕ್ಕಳ ತಪ್ಪು ಇದರಲ್ಲಿ ಎಂತದೂ ಇಲ್ಲ."

ಪಡಸಾಲೆಯ ಹೊರಗೆ ಅರ್ಧ ಊರು ನಿಂತಿತ್ತು. ಎಲ್ಲರೂ ನನ್ನನ್ನು ನೋಡಿದರು. ದೊಡ್ಡ ಸಿಸ್ಟರ್ ನನ್ನನ್ನು ಕಾಪಾಡಲು ಹಾಗೆ ಹೇಳಿದರೆಂದು ಈಗ ಗೊತ್ತು. ಅವತ್ತು ಮಾತ್ರ ಎಲ್ಲರೆದುರು ನನ್ನನ್ನು ಸುಳ್ಳಿ ಮಾಡಿದರೆಂಬ ಸಿಟ್ಟಿನಿಂದ ಮೈ ಉರಿಯಿತು. ಆ ಸಿಟ್ಟು ಬಹಳ ವರ್ಷ ಉಳಿಯಿತು. ಗೆಳತಿ ಸತ್ತ ದುಃಖಕ್ಕಿಂತ ಅದನ್ನು ಹೊರುವುದು ನನಗೆ ಸುಲಭವಾಗಿತ್ತು.

ಆ ವಾರ ದವಾಖಾನೆಯ ಕಿಟಕಿಗಳಿಗೆ ಕಲ್ಲು ಬಿದ್ದವು. ದೊಡ್ಡ ಸಿಸ್ಟರ್ ಮೇಲೆ ಕೇಸಾಯಿತು. ಜಾಮೀನಿನ ಮೇಲೆ ಬಂದ ಅವರನ್ನು ಸಂಸ್ಥೆಯವರು ಬೇರೆ ಕಡೆಗೆ ಕಳಿಸಿದರು. ಬೆಳಗಿನ ಬಸ್ಸಿಗೆ ಒಂದು ಟ್ರಂಕು ಹಿಡಿದು ನಿಂತಿದ್ದರು. ಚೇಳು ಕಡಿದಾಗ, ಹೆರಿಗೆ ಕಷ್ಟವಾದಾಗ ಅವರ ಬಾಗಿಲು ಬಡಿದಿದ್ದ ಜನ ತಮ್ಮ ತಮ್ಮ ಕಟ್ಟೆಯ ಮೇಲೆ ಕುಳಿತು ನೋಡಿದರು. ನಾನೂ ನೋಡಿದೆ. ಬಸ್ಸು ಬಂದಾಗ ಕಂಡಕ್ಟರನೇ ಇಳಿದು ಟ್ರಂಕು ಎತ್ತಿಟ್ಟ.

ಒಂದು ತಿಂಗಳು ಶಾಲೆ ಮುಚ್ಚಿತ್ತು. ಆಮೇಲೆ ತಗಡಿನ ಶೆಡ್ಡಿನಲ್ಲಿ ಪಾಠ ಶುರುವಾಯಿತು. ನಾವು ಹಿರೇಕೆರೂರಿನ ಬೇರೊಂದು ಶಾಲೆಯ ಹೆಸರಿನಲ್ಲಿ ಪರೀಕ್ಷೆ ಬರೆದೆವು. ನಾನು ಮೊದಲ ದರ್ಜೆಯಲ್ಲಿ, ಶಾಲೆಗೇ ಮೊದಲಿಗಳಾಗಿ ಪಾಸಾದೆ. ಅವಳಿದ್ದಿದ್ದರೆ ನನಗೆ ಎರಡನೆಯ ಸ್ಥಾನ. ಆ ಯೋಚನೆ ಆ ದಿನ ನನ್ನ ತಲೆಯಲ್ಲಿ ಸುಳಿದು ಹೋಯಿತು ಎಂಬುದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದೆಲ್ಲ ಬರೆದು ಉಪಯೋಗವಿಲ್ಲ.

ದುರಂತದ ನಂತರ ಹೊಸ ಕಟ್ಟಡದ ಕೆಲಸ ಭರದಿಂದ ನಡೆಯಿತು. ಮುಂದಿನ ಮಳೆಗಾಲದೊಳಗೆ ಆರ್‌ಸಿಸಿ ಕಟ್ಟಡ ಎದ್ದಿತು, ಮಾನ್ಯತೆಯೂ ಬಂತು. ನಂತರ ಎರಡನೆಯ ಮಹಡಿ, ಪ್ರಯೋಗಾಲಯ, ಇಂಗ್ಲಿಷ್ ಮಾಧ್ಯಮ, ರಟ್ಟೀಹಳ್ಳಿಯವರೆಗೆ ಓಡಾಡುವ ಹಳದಿ ಬಸ್ಸುಗಳು. ಜಾತಿ ಕೆಡುತ್ತದೆ ಎಂದಿದ್ದವರ ಮೊಮ್ಮಕ್ಕಳಿಗೆ ಸೀಟು ಸಿಗುವುದು ಕಷ್ಟವಾಯಿತು. ವಖಾರವನ್ನು ಪೂರ್ತಿ ಕೆಡವಿ ಅಲ್ಲಿ ಪ್ರಾರ್ಥನೆಯ ಅಂಗಳ ಮಾಡಿದರು.

ಹಾವೇರಿಯಲ್ಲಿ ಬಿ.ಎಡ್. ಓದುತ್ತಿದ್ದಾಗ ದೊಡ್ಡ ಸಿಸ್ಟರ್ ತೀರಿಕೊಂಡ ಸುದ್ದಿ ಬಂತು. ಕೇಸಿನ ತೀರ್ಪು ಇನ್ನೂ ಆಗಿರಲಿಲ್ಲ. ಅವ್ವ ಫೋನಿನಲ್ಲಿ ಹೇಳಿದಾಗ "ಹೌದೇನು" ಎಂದೆ. ಆಮೇಲೆ ಹಾಸ್ಟೆಲಿನ ಊಟದ ಸಾಲಿಗೆ ಹೋಗಿ ನಿಂತೆ. ಮುಂದಿನ ವರ್ಷ ಅದೇ ಶಾಲೆಗೆ ಕನ್ನಡ ಶಿಕ್ಷಕಿಯಾಗಿ ಸೇರಿದೆ. ಬೇರೆಲ್ಲೂ ಕೆಲಸ ಸಿಗಲಿಲ್ಲ.

ಮೊದಲ ದಿನ ಗೇಟು ದಾಟಿದಾಗ ಅಂಗಳದಲ್ಲಿ ಒಬ್ಬ ಹೆಂಗಸು ಕಸ ಗುಡಿಸುತ್ತಿದ್ದಳು. ಬಗ್ಗಿದವಳು ತಲೆ ಎತ್ತಿದಳು. ನನ್ನ ಗೆಳತಿಯ ಅವ್ವ. ಆಕೆ ಅಲ್ಲಿ ಆಯಾ ಆಗಿ ಸೇರಿ ಆಗಲೇ ಕೆಲವು ವರ್ಷ ಆಗಿತ್ತಂತೆ.

"ಆರಾಮದೀರೇನ್ರಿ ಟೀಚರ್ರ?" ಎಂದಳು.

ನನಗಿಂತ ಎರಡು ಪಟ್ಟು ವಯಸ್ಸಿನವಳು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಕಪಾಳಕ್ಕೆ ಹೊಡೆದ ಹಾಗಾಯಿತು. ತಲೆಯಾಡಿಸಿ ಒಳಗೆ ಹೋದೆ. ಹಾಗೆಯೇ ಹದಿನೈದು ವರ್ಷ ಕಳೆದವು. ಆಕೆ ನೀರು ತುಂಬಿಸಿಟ್ಟಳು, ಗಂಟೆ ಬಾರಿಸಿದಳು, ಬಿದ್ದ ಮಕ್ಕಳ ಮೊಣಕಾಲು ತೊಳೆದಳು. ನಾನು ಪಾಠ ಮಾಡಿದೆ. ನಮ್ಮಿಬ್ಬರ ನಡುವೆ ಮಳೆ, ಚಹಾ, ಹಬ್ಬದ ರಜೆ ಬಿಟ್ಟು ಬೇರೆ ಮಾತು ಬರಲಿಲ್ಲ.

ಹೋದ ವರ್ಷ ಹೈಸ್ಕೂಲಿಗೆ ಇಪ್ಪತ್ತೈದು ತುಂಬಿತು. ಸ್ಮರಣ ಸಂಚಿಕೆಗೆ ಶಾಲೆಯ ಇತಿಹಾಸ ಬರೆಯುವ ಕೆಲಸ ನನ್ನ ಪಾಲಿಗೆ ಬಂತು, ಮೊದಲ ಬ್ಯಾಚಿನವಳು ಎಂದು. ವಖಾರದಿಂದ ಶುರು ಮಾಡಿ ಎಲ್ಲವನ್ನೂ ಬರೆದೆ. ಗೋಡೆಯ ಬಗ್ಗೆಯೂ ಒಂದು ಪುಟ ಬರೆದೆ. ನಕ್ಷೆ ಅಂಟಿಸಿದ್ದು ನಾನು ಎಂದು ಮಾತ್ರ ಬರೆಯಲಿಲ್ಲ. ಈಗಿನ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಚಿಕ್ಕ ವಯಸ್ಸಿನವರು, ಮೆತ್ತಗಿನ ಮಾತಿನವರು. ಓದಿ ಹಾಳೆಗಳನ್ನು ಜೋಡಿಸಿಟ್ಟರು.

"ಚೆನ್ನಾಗಿ ಬರೆದಿದ್ದೀರಿ ಟೀಚರ್. ಈ ಒಂದು ಪುಟ ಬೇಡ. ಹೊಸದಾಗಿ ಮಕ್ಕಳನ್ನು ಸೇರಿಸುವವರೂ ಓದ್ತಾರಲ್ಲ."

ನಾನು ವಾದ ಮಾಡಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹಗುರವಾಯಿತು.

ಆ ವಾರವೇ ಒಂದು ಸಂಜೆ, ಮಕ್ಕಳೆಲ್ಲ ಹೋದ ಮೇಲೆ, ಹತ್ತನೆಯ ತರಗತಿಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತ ಕುಳಿತಿದ್ದೆ. ಆಯಾ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಳು.

"ಟೀಚರ್ರ, ಸಾಲಿದು ಪುಸ್ತಕ ಬರದೀರಂತ. ಅದರಾಗ ನನ್ನ ಮಗಳು ಅದಾಳೇನ್ರಿ?"

"ಬರದಿದ್ದೆ ಕಾಕು. ತಗದ್ರು."

ಆಕೆ ತಲೆಯಾಡಿಸಿ ಮೂಲೆಯಿಂದ ಗುಡಿಸಲು ಶುರು ಮಾಡಿದಳು. ಪೊರಕೆಯ ಸದ್ದು ಕೇಳುತ್ತ ಕುಳಿತಿರುವುದು ನನ್ನಿಂದ ಆಗಲಿಲ್ಲ.

"ಕಾಕು, ಆ ಗ್ವಾಡಿಗೆ ನಕ್ಷೆ ಹಚ್ಚಿದಾಕಿ ನಾನು. ಆಕಿ ಜೋಡಿ ನಾನೂ ಬಿರುಕು ನೋಡಿದ್ದೆ. ಸಾಹೇಬ್ರು ಕೇಳಿದಾಗ ಇಲ್ಲ ಅಂದೆ."

"ಗೊತ್ತೈತಿ ತಂಗಿ," ಎಂದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಟೀಚರ್ ಎನ್ನಲಿಲ್ಲ. "ನೀ ಇಲ್ಲ ಅಂದದ್ದು ಊರಿಗೇ ಗೊತ್ತು. ಬಿರುಕು ಇದ್ದದ್ದು ನನಗ ಮೊದಲ ಗೊತ್ತಿತ್ತು."

"ಯಾರು ಹೇಳಿದ್ರು?"

"ಆಕೀನ ಹೇಳಿದ್ಲು. ಅಂಟು ಕಾಸಿ ಕೊಟ್ಟಾಕಿ ನಾನ ಅಲ್ಲೇನು? ಅವ್ವಾ, ಗ್ವಾಡಿ ಬಿಟ್ಕೊಂಡೈತಿ, ಸಿಸ್ಟರು ಅದರ ಮ್ಯಾಲ ನಕ್ಷಾ ಹಚ್ಚರಿ ಅಂದಾರ ಅಂದ್ಲು. ಗಟ್ಟಿ ಕುಂಡ್ರಲಿ ಅಂತ ಇನ್ನೊಂದು ಮುಷ್ಟಿ ಹಿಟ್ಟು ಹಾಕಿ ತಿರುವಿದೆ. ಬಿಟ್ಕೊಂಡಿದ್ರ ಅದರ ಬುಡಕ ಕುಂಡ್ರಬ್ಯಾಡ ಅಂತ ಒಂದ ಮಾತು ಬಾಯಾಗ ಬರಲಿಲ್ಲ ನೋಡು. ಮಗಳು ಬರದದ್ದನ್ನ ಸಾಹೇಬ್ರು ನೋಡ್ತಾರಂತ ಖುಷಿಯಾಗಿದ್ದೆ."

ಪೊರಕೆಯನ್ನು ಗೋಡೆಗೆ ಒರಗಿಸಿ ಕೊನೆಯ ಬೆಂಚಿನಲ್ಲಿ ಕುಳಿತಳು. ಅವತ್ತು ಆಕೆ ಹೇಳಿದ್ದೆಲ್ಲ ನನಗೆ ಹೊಸದು. ದೊಡ್ಡ ಸಿಸ್ಟರ್ ಕೋರ್ಟಿನ ತಾರೀಖಿಗೆ ಹಿರೇಕೆರೂರಿಗೆ ಬಂದಾಗೆಲ್ಲ ನಮ್ಮೂರಿಗೆ ಬಂದು ಆಯಾಳ ಮನೆಯ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರಂತೆ. ಆಕೆಯ ಗಂಡ ಒಳಗೆ ಕರೆಯಲಿಲ್ಲ, ಬೈದು ಕಳಿಸಲೂ ಇಲ್ಲ. ಒಂದು ತಾಸು ಕುಳಿತು, ಬರುವ ಬಸ್ಸಿಗೆ ಎದ್ದು ಹೋಗುತ್ತಿದ್ದರು.

"ಮೂರನೇ ವರ್ಷ ನಾನ ಚಾ ಕೊಟ್ಟೆ. ಕುಡದ್ರು. ಆಮ್ಯಾಲ ಕೇಳಿದೆ, ನನಗ ಆ ಸಾಲ್ಯಾಗ ಕೆಲಸಾ ಹಚ್ಚಕೊಡ್ರಿ ಅಂತ. ಯಾಕಂತ ಕೇಳಿದ್ರು. ಆ ಜಾಗ ಬಿಟ್ಟು ಇರಾಕ ಆಗವಲ್ದು ಅಂದೆ. ಅತ್ತುಬಿಟ್ರು, ಪಾಪ. ಅವರ ಹೇಳಿ ಹಚ್ಚಿಸಿದ ಕೆಲಸಾ ಇದು."

"ಕಾಕಾ ಏನಂದ್ರು?"

"ಅವರು ಈ ಓಣ್ಯಾಗ ಕಾಲಿಟ್ಟಿಲ್ಲ ಇವತ್ತಿಗೂ. ನಾ ಎಲ್ಲಿ ಕೆಲಸಕ್ಕ ಹೋಗ್ತೇನಿ ಅಂತ ಕೇಳೂದಿಲ್ಲ. ನಾ ಹೇಳೂದಿಲ್ಲ."

ಅಷ್ಟು ಹೇಳಿ ಎದ್ದು ಉಳಿದರ್ಧ ಕೋಣೆ ಗುಡಿಸಿದಳು. ನನ್ನನ್ನು ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಇಬ್ಬರೂ ಕೂಡಿ ಬಾಗಿಲಿಗೆ ಬೀಗ ಹಾಕಿದೆವು.

ಸಮಾರಂಭದ ದಿನ ಶಾಮಿಯಾನದಲ್ಲಿ ಭಾಷಣಗಳಾದವು. ದೊಡ್ಡ ಸಿಸ್ಟರ್ ಹೆಸರನ್ನು "ಸಂಸ್ಥಾಪಕ ಮುಖ್ಯೋಪಾಧ್ಯಾಯಿನಿ" ಎಂದು ಒಂದು ಸಲ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಅತಿಥಿಗಳಿಗೆ ನೀರಿನ ಬಾಟಲಿ ಹಂಚುತ್ತಿದ್ದ ಆಯಾಳ ಕೈಗೂ ಯಾರೋ ಒಂದು ಸಂಚಿಕೆ ಕೊಟ್ಟರು. ಆಕೆಗೆ ಓದಲು ಬಾರದು. ಕಾರ್ಯಕ್ರಮ ಮುಗಿದ ಮೇಲೆ ಅದನ್ನು ಹಿಡಿದು ನನ್ನ ಹತ್ತಿರ ಬಂದಳು. ಪುಟ ತಿರುವುತ್ತ ಹೋದಳು. ನಡುವಿನಲ್ಲಿ ಹಳೆಯ ಫೋಟೋಗಳಿದ್ದವು. ಒಂದು ಮೊದಲ ಬ್ಯಾಚಿನದು, ಎಂಟನೆಯ ತರಗತಿ ಶುರುವಾದಾಗ ತೆಗೆದದ್ದು. ಮುಖಗಳು ಜೋಳದ ಕಾಳಿನಷ್ಟು ಸಣ್ಣಗಿದ್ದವು, ಅಚ್ಚಿನಲ್ಲಿ ಮಸುಕಾಗಿದ್ದವು. ನಾನು ನನ್ನನ್ನೇ ಹುಡುಕುತ್ತಿದ್ದೆ. ಅಷ್ಟರಲ್ಲಿ ಆಕೆಯ ಬೆರಳು ಎರಡನೆಯ ಸಾಲಿನ ತುದಿಯಲ್ಲಿ ನಿಂತಿತು.

"ಇಲ್ಲಿ ಅದಾಳ. ಮನ್ಯಾಗ ಆಕೀದೊಂದೂ ಫೋಟೋ ಇರಲಿಲ್ಲ."

ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಆ ಹಾಳೆಯನ್ನು ಬುಡದಿಂದ ಮೆಲ್ಲಗೆ ಹರಿದು, ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು. ಸಂಚಿಕೆಯನ್ನು ನನಗೆ ವಾಪಸು ಕೊಟ್ಟಳು.

"ಉಳಿದದ್ದು ನಾ ತಗೊಂಡು ಏನ್ ಮಾಡ್ಲಿ? ನೀವ ಇಟ್ಕೊಳ್ರಿ, ಟೀಚರ್ರ."

ಅಂಗಳದಲ್ಲಿ ಕುರ್ಚಿಗಳು ಚೆಲ್ಲಾಪಿಲ್ಲಿ ಬಿದ್ದಿದ್ದವು. ಆಕೆ ಹೋಗಿ ಒಂದರ ಮೇಲೊಂದು ಎತ್ತಿಡಲು ಶುರು ಮಾಡಿದಳು. ನಾನೂ ಸೆರಗು ಕಟ್ಟಿಕೊಂಡು ಇನ್ನೊಂದು ಸಾಲಿನಿಂದ ಕೈ ಹಚ್ಚಿದೆ.